ಎದುರು ಕೋಣೆಯವರು

ಮೂರನೆಯ ಲಕೋಟೆಗೂ ಉತ್ತರ ಬರಲಿಲ್ಲ.

"ಮಾತಾಡೋ ಮನಸ್ಸಿರೋರು ಇಷ್ಟು ಹೊತ್ತು ಬಾಯಿ ಮುಚ್ಕೊಂಡು ಕೂರಲ್ಲ, ಅಧ್ಯಕ್ಷರೇ," ಎಂದ ವೆಂಡೆಲ್. ಕೊನೆಯ ಪದವನ್ನು ಬೇಕೆಂದೇ ಎಳೆದ. ನಿವೃತ್ತ ಜನರಲ್. ಎಷ್ಟೋ ವರ್ಷಗಳಿಂದ ಸಭೆ ಸಭೆಗಳಲ್ಲಿ ಲೆನೋರಾಳ ಮೇಲೆ ಹರಿಹಾಯ್ದವನು, ಇವತ್ತಿನ ಆಟದಲ್ಲಿ ಅವಳದೇ ರಕ್ಷಣಾ ಮಂತ್ರಿ.

ಸಂಜೆಯವರೆಗೆ ಲೆನೋರಾ ಬ್ರಾಂಡ್ಟ್ ಅಮೆರಿಕದ ಅಧ್ಯಕ್ಷೆ. ಉಳಿದ ದಿನಗಳಲ್ಲಿ ವಾಷಿಂಗ್ಟನ್ನಿನ ಈ ಸಂಸ್ಥೆಯಲ್ಲಿ ಕೂತು ಅಣ್ವಸ್ತ್ರ ನಿಯಂತ್ರಣದ ಬಗ್ಗೆ ಬರೆಯುವವಳು. ಅವಳು ಜೀವ ತೇಯ್ದದ್ದು ಒಂದೇ ವಾದಕ್ಕೆ: ಅಮೆರಿಕ ತಾನಾಗಿ ಮೊದಲು ಅಣುಬಾಂಬ್ ಹಾಕಕೂಡದು, ಹಾಗೆಂದು ಕಾನೂನೇ ಆಗಬೇಕು. ಕೋಣೆಯಲ್ಲಿ ಕೂತು ಕಾಗದದ ಮೇಲೆ ಆಡುವ ಈ ಯುದ್ಧದಾಟ ಅದಕ್ಕೊಂದು ಪರೀಕ್ಷೆ. ಮೂಲೆಯಲ್ಲಿ ಕೂತು ನೋಡುತ್ತಿದ್ದ ತಮಾರಾ ಒಬ್ಬ ಸೆನೆಟರರ ಕಚೇರಿಯವಳು. "ಏನೇ ಆದ್ರೂ ನೀವು ಕೈ ತಡೆದ್ರಿ ಅಂದ್ರೆ ನಮ್ಮ ಸಾಹೇಬ್ರು ಮಸೂದೆ ಮಂಡಿಸ್ತಾರೆ, ಮೇಡಂ," ಎಂದು ಬೆಳಿಗ್ಗೆಯೇ ಹೇಳಿದ್ದಳು. ಲೆನೋರಾ ನಕ್ಕಿದ್ದಳು. ತನ್ನ ಕೈ ತಡೆಯುವುದು ಅಷ್ಟೇನು ಕಷ್ಟ ಎಂದುಕೊಂಡಿದ್ದಳು.

ಎದುರಾಳಿಗಳು ರಷ್ಯದವರು, ನಿಜವಾದ ನಿವೃತ್ತ ಅಧಿಕಾರಿಗಳು, ಹಜಾರದ ಆಚೆಯ ಕೋಣೆಯಲ್ಲಿ. ಕೈಕುಲುಕಿ ಕಾಫಿ ಕುಡಿದರೆ ಆಟದ ಬಿಸಿ ಆರುತ್ತದೆಂದು ಎರಡೂ ತಂಡಗಳು ಮೊದಲು ಮುಖ ನೋಡಿಕೊಳ್ಳುವಂತಿಲ್ಲ. ಫೋನುಗಳೆಲ್ಲ ಬಾಗಿಲ ಬಳಿಯ ಬುಟ್ಟಿಗೆ. ಹೇಳುವುದೇನಿದ್ದರೂ ಲಕೋಟೆಯಲ್ಲಿ ಹಾಕಿ ಅವರ ಬಾಗಿಲ ಸಂದಿಯಲ್ಲಿ ತೂರಿಸಬೇಕು. ಆಟ ನಡೆಸುವ ಗಾರ್ಡನ್ ಕೂಡ ಆಟಗಾರರ ಕಣ್ಣಿಗೆ ಬೀಳಬಾರದು. ಇವೆಲ್ಲ ಅವನೇ ಮಾಡಿದ ನಿಯಮಗಳು. ನಿನ್ನೆಯೇ ಮೇಜಿನ ಮೇಲೆ ಇಟ್ಟುಹೋಗಿದ್ದ ಹಾಳೆಯಲ್ಲಿ ಆಟದ ಆರಂಭವಿತ್ತು: ಉತ್ತರದ ಸಮುದ್ರದಲ್ಲಿ ಅಮೆರಿಕದ ಯುದ್ಧನೌಕೆಯೊಂದು ಮುಳುಗಿದೆ, ಯಾರು ಮುಳುಗಿಸಿದರೋ ಗೊತ್ತಿಲ್ಲ.

ಮೊದಲ ಲಕೋಟೆಯಲ್ಲಿ ಅವಳು ಕೇಳಿದ್ದು, ಇದು ನಿಮ್ಮ ಕೆಲಸವೇ? ಎರಡನೆಯದರಲ್ಲಿ, ನಮ್ಮ ಜಲಾಂತರ್ಗಾಮಿಗಳನ್ನು ಹಿಂದಕ್ಕೆ ಕರೆಸುತ್ತೇವೆ, ನೀವೂ ಕರೆಸಿ. ಮೂರನೆಯದರಲ್ಲಿ ಒಂದೇ ಸಾಲು: ಏನಾದರೂ ಹೇಳಿ.

"ಊಟದ ಡಬ್ಬಿ ನೋಡಿದ್ರಾ?" ವೆಂಡೆಲ್ ಬಾಗಿಲಿಂದ ಇಣುಕಿ ಬಂದ. "ಅವರ ಬಾಗಿಲ ಮುಂದೆ ಇಟ್ಟದ್ದು ಇಟ್ಟ ಹಾಗೇ ಇದೆ. ಒಂದು ಸ್ಯಾಂಡ್‌ವಿಚ್ ಸಹ ಮುಟ್ಟಿಲ್ಲ."

"ಹಸಿವಿಲ್ಲದೆ ಇರಬಹುದು."

"ರಷ್ಯದೋರು! ಬಿಟ್ಟಿ ಊಟ! ಹಸಿವಿಲ್ಲ!" ವೆಂಡೆಲ್ ಕೈಯೆತ್ತಿ ಮುಗಿದ. "ತಲೆ ತುಂಬ ಕೆಲಸ ಇರೋರಿಗೆ ಊಟ ಸೇರಲ್ಲ, ತಾಯಿ. ಏನೋ ದೊಡ್ಡದೇ ಮಾಡ್ತಿದ್ದಾರೆ."

ಸ್ವಲ್ಪ ಹೊತ್ತು ಯಾರೂ ಮಿಸುಕಾಡಲಿಲ್ಲ. ಕೋಣೆಯ ದೀಪ ಪಕ್ಕನೆ ಆರಿತು. ವೆಂಡೆಲ್ ಬೈಯುತ್ತ ತೋಳು ಬೀಸಿದ, ಮತ್ತೆ ಹತ್ತಿಕೊಂಡಿತು. ಅಲುಗಾಟ ಕಾಣದಿದ್ದರೆ ಇಲ್ಲಿನ ದೀಪಗಳು ತಾವೇ ಆರುತ್ತವೆ; ವಿದ್ಯುತ್ ಉಳಿತಾಯದಲ್ಲಿ ಈ ಸಂಸ್ಥೆಯನ್ನು ಮೀರಿಸುವವರಿಲ್ಲ.

ಅವಳು ಎದ್ದು ಕಿಟಕಿಯ ಬಳಿ ಹೋದಳು. ಹೊರಗೆ ಹಿಮ ಒಂದೇ ಸಮನೆ ಸುರಿಯುತ್ತಿತ್ತು, ಊರೇ ಬಾಗಿಲು ಹಾಕಿಕೊಂಡಿತ್ತು. ಒಳಅಂಗಳದ ಆಚೆ ಅವರ ಕಿಟಕಿ ಕಾಣುತ್ತಿತ್ತು. ಬೆಳಿಗ್ಗೆ ಅಲ್ಲಿ ದೀಪವಿತ್ತು, ಪರದೆಯ ಹಿಂದೆ ಯಾರೋ ಉದ್ದ ಕೋಲಿನಂಥದ್ದೇನೋ ಹಿಡಿದು ಓಡಾಡಿದ್ದನ್ನು ಅವಳೇ ಕಂಡಿದ್ದಳು. ಈಗ ಕತ್ತಲೆ.

"ದೀಪ ಆರಿಸ್ಕೊಂಡಿದ್ದಾರೆ," ಎಂದಳು. ಹೇಳಬಾರದಿತ್ತು ಎಂದು ಹೇಳಿದ ಮೇಲೆ ಅನಿಸಿತು.

ವೆಂಡೆಲ್ ಈಗ ಎಳೆದು ಮಾತಾಡಲಿಲ್ಲ. "ಬಾಂಬಿಗೆ ಸಿಗದ ಹಾಗೆ ನೆಲಮಾಳಿಗೆಗೆ ಇಳಿದ್ವಿ ಅಂತ ತೋರಿಸ್ತಿದ್ದಾರೆ, ಲೆನೋರಾ. ಅವರ ತರಬೇತಿ ನಂಗೆ ಗೊತ್ತು. ಮುಂದಿನದು ಕ್ಷಿಪಣಿ. ಕಾಯ್ತಾ ಕೂತ್ರೆ ನಮ್ಮ ಕೈಯಲ್ಲಿ ಏನೂ ಉಳಿಯಲ್ಲ."

"ಹೋಗಿ ಬಾಗಿಲು ತಟ್ಟಿ ಬಿಡ್ಲಾ?"

"ನಿಜವಾದ ಅಧ್ಯಕ್ಷರು ಮಾಸ್ಕೋಗೆ ಹೋಗಿ ಬಾಗಿಲು ತಟ್ತಾರಾ?"

ಅದೂ ಸರಿಯೇ. ನಿಯಮ ಮುರಿದರೆ ಆಟವೇ ರದ್ದು, ಮಸೂದೆಯೂ ರದ್ದು. ಎದುರಾಳಿಯ ಮೌನವೆಂದರೆ ಹೆದರಿಕೆ, ಹಗೆಯಲ್ಲ ಎಂದು ಪುಸ್ತಕದ ಒಂದಿಡೀ ಅಧ್ಯಾಯ ಬರೆದವಳು ಅವಳು. ಬರೆಯುವಾಗ ಆ ಮೌನದ ಎದುರು ಕೂತಿರಲಿಲ್ಲ. ಅವಳು ಕೋಣೆಯ ಉದ್ದಕ್ಕೂ ಹೋದಳು, ಬಂದಳು, ಮತ್ತೆ ಕಿಟಕಿ ನೋಡಿದಳು. ಅದೇ ಕತ್ತಲೆ. ನಿಜಕ್ಕೂ ಸಿಟ್ಟು ಬಂತು. ಒಂದು ಸಾಲು ಬರೆಯಲು ಇವರಿಗೇನು ದಾಡಿ? ಇಷ್ಟು ಬೇಡಿಕೊಂಡ ಮೇಲೂ ಹೀಗೆ ಕೂರುವವರು ಏನು ಮಾಡಲು ಹೇಸಿಯಾರು?

"ಒಂದೇ ಒಂದು," ಎಂದು ತಾನೇ ಹೇಳಿದ್ದು ಅವಳಿಗೆ ಕೇಳಿಸಿತು. "ಚಿಕ್ಕದು. ಜನರಿಲ್ಲದ ಕಡೆ, ಸಮುದ್ರದ ಮೇಲೆ. ಎಚ್ಚರಿಕೆಗೆ ಅಷ್ಟೇ."

"ಅಣ್ವಸ್ತ್ರವೇ?" ವೆಂಡೆಲ್ ಮೆಲ್ಲನೆ ಕೇಳಿದ.

"ಅಣ್ವಸ್ತ್ರವೇ."

ದಾಳಿಯ ಆದೇಶಕ್ಕೆಂದು ಇಟ್ಟಿದ್ದ ಕೆಂಪು ಕಾರ್ಡಿಗೆ ಸಹಿ ಹಾಕಿದಳು. ವೆಂಡೆಲ್ ಗೆದ್ದವನಂತೆ ಕಾಣಲಿಲ್ಲ, ಮುದುಕನ ಮುಖ ಬಾಡಿಹೋಗಿತ್ತು. ತಮಾರಾ ಪೆನ್ನಿನ ಮುಚ್ಚಳ ಹಾಕಿದಳು. "ಕ್ಷಮಿಸಿ, ಮೇಡಂ," ಎಂದಳು. "ನೀವೇ ತಡೀಲಿಲ್ಲ ಅಂದ್ಮೇಲೆ ಇನ್ಯಾರನ್ನ ತಡೀರಿ ಅಂತ ಕೇಳೋದು?"

ಲೆನೋರಾಗೆ ನಾಚಿಕೆಯಾಯಿತು, ಅಳುವೂ ಬಂತು. ಆದರೂ ಅವಳೊಳಗೊಂದು ದನಿ ಹಟ ಹಿಡಿದೇ ಇತ್ತು: ನಾನೇನು ಮಾಡಲಿ, ಅವರು ಬೇರೆ ದಾರಿಯನ್ನೇ ಬಿಡಲಿಲ್ಲ.

ಬಾಗಿಲು ತೆರೆಯಿತು. ಗಾರ್ಡನ್. ಕೋಟಿನ ತುಂಬ ಹಿಮ, ಮುಖದ ತುಂಬ ಆಶ್ಚರ್ಯ.

"ನೀವೆಲ್ಲ ಇಲ್ಲೇನ್ ಮಾಡ್ತಿದ್ದೀರಾ? ರಷ್ಯದೋರ ವಿಮಾನ ನಿನ್ನೆ ರಾತ್ರಿಯಿಂದ ಬಾಸ್ಟನ್‌ನಲ್ಲೇ ನಿಂತಿದೆ, ಆಟ ನಾಳೆಗೆ ಅಂತ ಬೆಳಿಗ್ಗೇನೇ ಎಲ್ರ ಫೋನಿಗೂ ಮೆಸೇಜ್ ಹಾಕಿದ್ನಲ್ಲ!"