ಇನ್ನೂರನೆಯ ಕೊಡ

"ಒಂದು ಮನೆ ಕಡಿಮೆ ಬೀಳುತ್ತೆ," ಎಂದು ಹೇಳಿ ಸದಸ್ಯರೊಬ್ಬರು ಕುರ್ಚಿಗೆ ಒರಗಿದರು. ಪ್ರತಿ ಠರಾವಿಗೂ ಎದ್ದು ನಿಲ್ಲುವ ಅವರಿಗೆ ಪುರಸಭೆಯಲ್ಲಿ ತಕರಾರು ಎಂದೇ ಹೆಸರು. "ನಿನ್ನೆ ನಾನೇ ಗುಡ್ಡದಾಚೆ ಕಾಲೊನಿಗೆ ನಡ್ಕೊಂಡು ಹೋಗಿದ್ದೆ. ಒಂದೊಂದೇ ಬಾಗಿಲು ತಟ್ಟಿ ನೋಡಿದೆ. ಜನ ಇರೋ ಮನೆ ನೂರ ತೊಂಬತ್ತೊಂಬತ್ತು. ನಮ್ಮ ನೀರಗಂಟಿ ಬರ್ಕೊಟ್ಟಿರೋದು ಇನ್ನೂರು."

ಕಾಲೊನಿಯನ್ನು ಊರಿನ ಗಡಿಗೆ ಸೇರಿಸಿಕೊಂಡರೆ ಅಲ್ಲಿಗೆ ನೀರಿನ ಪೈಪು ಹಾಕಿಸಲು ಸರ್ಕಾರದ ಅನುದಾನ ಸಿಗುತ್ತಿತ್ತು. ಆದರೆ ಇನ್ನೂರು ಮನೆ ಇರಲೇಬೇಕು, ಠರಾವು ಅಂದೇ ಸಂಜೆ ಐದರೊಳಗೆ ಮೇಲಿನ ಕಚೇರಿ ಮುಟ್ಟಬೇಕು. ತಪ್ಪಿದರೆ ಇನ್ನೆಷ್ಟು ವರ್ಷವೋ, ಅದೇ ಟ್ಯಾಂಕರು, ಅದೇ ಸಾಲು.

ಅಧ್ಯಕ್ಷೆ ನೀರಗಂಟಿಯನ್ನು ಕರೆಸಿದರು. ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ಬಂದು ಬಾಗಿಲ ಬಳಿ ನಿಂತ. ಮೂವತ್ತು ವರ್ಷದಿಂದ ಊರಿಗೆ ನೀರು ಬಿಡುತ್ತಿದ್ದವನು. ವಾಲ್ವ್ ತಿರುಗಿಸುವ ಮುನ್ನ ಒಂದು ಗಳಿಗೆ ಕಣ್ಣು ಮುಚ್ಚಿ, 'ಎಲ್ಲರಿಗೂ ಮುಟ್ಟಲಪ್ಪಾ ದೇವರೇ' ಎಂದುಕೊಳ್ಳದೆ ಅವನ ದಿನ ಶುರುವಾಗುತ್ತಿರಲಿಲ್ಲ.

"ಮನೆ ಹೇಗೆ ಎಣಿಸಿದ್ರಿ?" ಅಧ್ಯಕ್ಷೆ ಕೇಳಿದರು.

"ಕೊಡ ನೋಡಿ, ತಾಯಿ. ಟ್ಯಾಂಕರ್ ಜೊತೆ ನಾನೇ ಹೋಗ್ತೀನಲ್ಲ. ಮೊದಲ ಸುತ್ತಿಗೆ ಮನೆಗೊಂದೇ ಕೊಡ ಅಂತ ಅವರವರೇ ಮಾತಾಡ್ಕೊಂಡಿದಾರೆ. ಮೇಲೆ ನಿಂತ್ರೆ ಸಾಲು ಪೂರ್ತಿ ಕಾಣುತ್ತೆ. ಎಷ್ಟು ಸಲ ಎಣಿಸಿದ್ರೂ ಇನ್ನೂರೇ."

"ಭೇಷ್!" ಎಂದರು ತಕರಾರು. "ನಾಳೆ ಚಪ್ಪಲಿ ಎಣಿಸಿ ಜನಗಣತಿ ಮುಗಿಸ್ತಾನೆ."

ಅಧ್ಯಕ್ಷೆ ದನಿ ತಗ್ಗಿಸಿದರು. "ಯಾರೋ ನಿನ್ನೆ ಬೀಗ ಹಾಕ್ಕೊಂಡು ನೆಂಟರ ಮನೆಗೆ ಹೋಗಿರಬಹುದು, ಅಲ್ವಾ? ನೀವು ಹೂಂ ಅಂದ್ರೆ ಸಾಕು. ಬರ್ಕೊಂಡು ಕಳಿಸ್ತೀವಿ."

ಹೂಂ ಅನ್ನುವುದು ಸುಲಭವಿತ್ತು. ಅವನ ತಂಗಿಯನ್ನು ಕೊಟ್ಟದ್ದು ಆ ಕಾಲೊನಿಗೇ. ಕೊಡ ಹೊತ್ತೂ ಹೊತ್ತೂ ಅವಳ ಸೊಂಟ ಒಂದು ಕಡೆಗೆ ವಾಲಿತ್ತು. ನೀರಗಂಟಿ ವಾಲ್ವ್ ಮುಂದೆ ನಿಂತವನ ಹಾಗೆ ಕಣ್ಣು ಮುಚ್ಚಿದ. ಸಾಲಿನ ಕೊಡಗಳು ಒಂದೊಂದಾಗಿ ಬಂದವು: ತಂಗಿಯ ನೀಲಿ ಕೊಡ, ಟೈಲರ್ ಮನೆಯ ಸೊಟ್ಟ ಕೊಡ, ಬಸುರಿಯೊಬ್ಬಳು ಕಾಲಲ್ಲಿ ಮುಂದಕ್ಕೆ ತಳ್ಳುವ ಕೊಡ. ಎಲ್ಲಕ್ಕೂ ಕೊನೆಯಲ್ಲಿ, ಕುತ್ತಿಗೆಗೆ ಹಗ್ಗ ಬಿಗಿದ ಒಂದು ಮಣ್ಣಿನ ಕೊಡ. ಅದರ ಹಿಂದೆ ನಿಲ್ಲುವ ಮುಖ ಮಾತ್ರ ಸಲಕ್ಕೊಂದು.

"ಇಲ್ಲ ತಾಯಿ," ಎಂದು ಕಣ್ಣು ಬಿಟ್ಟ. "ತಪ್ಪು ನಂದೇ. ಕೊನೇದು ಮನೆ ಕೊಡ ಅಲ್ಲ. ಕಾಲೊನಿ ಶುರುವಾಗೋ ಕಡೆ, ಮರದ ಕೆಳಗೆ, ದಾರೀಲಿ ಹೋಗೋರಿಗೆ ಅಂತ ಇಡ್ತಾರೆ ನೋಡಿ, ಅದು. ಸರದಿ ಮೇಲೆ ಒಬ್ಬೊಬ್ಬರು ತಂದು ಸಾಲಲ್ಲಿ ಇಡ್ತಾರೆ. ಅದನ್ನೂ ಒಂದು ಮನೆ ಅಂತ ಎಣಿಸ್ಬಿಟ್ಟೆ."

"ಕೇಳಿದ್ರಾ!" ತಕರಾರು ಮೇಜು ಕುಟ್ಟಿದರು. "ಕುಡಿಯೋಕೆ ಹನಿ ನೀರಿಲ್ಲ ಅಂತ ಅರ್ಜಿ ಕೊಟ್ಟೋರು, ಗುರುತು ಪರಿಚಯ ಇಲ್ಲದೋರಿಗೆ..."

ಮಾತು ಅಲ್ಲೇ ತುಂಡಾಯಿತು. ನಿನ್ನೆ ಮಧ್ಯಾಹ್ನದ ಬಿಸಿಲಲ್ಲಿ ಬಾಗಿಲು ಎಣಿಸಿ ಮುಗಿಸಿ, ಅದೇ ಮರದ ಕೆಳಗೆ ಕೂತು ಎರಡು ಲೋಟ ಕುಡಿದದ್ದು ಅವರಿಗೆ ನೆನಪಾಯಿತು. ಯಾರ ನೀರೆಂದು ಕೇಳಿರಲಿಲ್ಲ.

"ನಾನೂ ಕುಡಿದೆ," ಎಂದರು, ಯಾರ ಮುಖವನ್ನೂ ನೋಡದೆ.

ನೀರಗಂಟಿ ಹೊರಡಲಿಲ್ಲ. "ತಂಗಿ ಮನೆ ಪಕ್ಕ ಒಂದು ಕೋಣೆ ಖಾಲಿ ಬಿದ್ದಿದೆ, ತಾಯಿ. ನಾನೂ ನಮ್ಮೋಳೂ ಇವತ್ತೇ ಅಲ್ಲಿಗೆ ಹೋಗ್ತೀವಿ. ಬರ್ಕೊಳ್ಳಿ."

"ಟ್ಯಾಂಕ್ ಕೆಳಗೆ ಪುರಸಭೆ ಮನೆ ಇದೆಯಲ್ರೀ ನಿಮಗೆ, ದಿನವಿಡೀ ನಲ್ಲಿ! ಅಲ್ಲಿ ಪೈಪು ಬರೋಕೆ ಇನ್ನೂ ಎರಡು ಮೂರು ವರ್ಷ."

"ಗೊತ್ತು, ತಾಯಿ."

ಅಧ್ಯಕ್ಷೆ ತಕರಾರಿನತ್ತ ತಿರುಗಿದರು. ಅವರು ಗಡಿಯಾರ ನೋಡಿಕೊಂಡರು. "ಮೂರು ಗಂಟೆಗೆ ಬರ್ತೀನಿ. ಒಲೆ ಹೊತ್ತಿರಬೇಕು. ಹೊತ್ತಿಲ್ಲ ಅಂದ್ರೆ ನನ್ನ ಸಹಿ ಇಲ್ಲ."

ವಿಷಯ ಕೇಳಿದ ನೀರಗಂಟಿಯ ಹೆಂಡತಿ ಅಡುಗೆಮನೆಯ ನಲ್ಲಿಯತ್ತ ನೋಡಿದಳು. "ಊರಿಗೆಲ್ಲ ನೀರು ಬಿಟ್ಟು, ಕಟ್ಟಿಕೊಂಡೋಳನ್ನ ಸಾಲಲ್ಲಿ ನಿಲ್ಲಿಸ್ತೀರಿ."

"ನೀನಲ್ಲ ಕಣೇ. ನಾನು ನಿಲ್ತೀನಿ."

"ನಿಂತ ಹಾಗೇ ಇದೆ," ಎನ್ನುತ್ತ ಅವಳು ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ, ಪಾತ್ರೆಗಳನ್ನು ಒಂದರೊಳಗೊಂದು ಕೂರಿಸತೊಡಗಿದಳು. ಮೂರಕ್ಕೆ ಕಾಲೊನಿಯ ಕೋಣೆಯಲ್ಲಿ ಒಲೆ ಹೊತ್ತಿತ್ತು. ತಕರಾರು ಹೊಸ್ತಿಲಲ್ಲೇ ನಿಂತು, ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಟ್ಯಾಂಕರ್ ಬಂತು. ಅದರ ಮೇಲಿದ್ದ ನೀರಗಂಟಿ ಕೆಳಗಿಳಿದು, ತನ್ನ ಕೊಡ ತೆಗೆದುಕೊಂಡು ಸಾಲಿನ ಪಕ್ಕದಲ್ಲಿ ನಡೆದ. "ಅಣ್ಣಾ, ಇಲ್ಲಿಡು, ನನ್ನ ಮುಂದೆ," ಎಂದು ತಂಗಿ ಕರೆದಳು. ಅವನು ಬೇಡವೆಂದು ತಲೆಯಾಡಿಸಿ ದಾಟಿ ಹೋದ. ಸಾಲಿನ ತುದಿಯಲ್ಲಿ ಮಣ್ಣಿನ ಕೊಡ ತನ್ನ ಜಾಗದಲ್ಲೇ ಇತ್ತು. ಅವನು ಬಾಗಿ, ಅದರ ಹಿಂದೆ ತನ್ನದನ್ನಿಟ್ಟ.