ಗುರುವಾರದ ಮರ್ಯಾದೆ

“ಹಾಗಾದ್ರೆ ವಿಮೆ ಇನ್ನೂ ಶುರುವೇ ಆಗಿಲ್ವಾ?” ನಯೀಮಾ ಕಾಫಿಖಾನೆಯ ಬಾಗಿಲಲ್ಲೇ ನಿಂತು ಕೇಳಿದಳು.

ಏಜೆಂಟ್ ವಗ್ದಿ ಚಹಾದ ಲೋಟ ಕೆಳಗಿಟ್ಟ. “ಅರ್ಜಿ ಬರೆದ ಮಾತ್ರಕ್ಕೆ ಶುರುವಾಗಲ್ಲ, ಹಮ್ದಿಯ ಅಮ್ಮ. ಮೊದಲ ಕಂತು ಕೈಸೇರಿದ ಹೊತ್ತಿಂದ.”

“ಅವರು ಕೊಡೋಕೆ ಬಂದಿದ್ರಲ್ಲ?”

ಬಂದಿದ್ದ. ಗುರುವಾರ ಅವಳ ಗಂಡ ಬದವಿ ಇಲ್ಲೇ ಸಹಿ ಹಾಕಿ ನೋಟು ಚಾಚಿದಾಗ ವಗ್ದಿ, “ಇರ್ಲಿ ಬಿಡಿ ಬದವಿಯಣ್ಣ, ನನ್ನ ಲೆಕ್ಕಕ್ಕಿರಲಿ” ಎಂದಿದ್ದ. ದುಡ್ಡು ಕೊಡುವವರಿಗೆ ಮೊದಲು ಹಾಗೆನ್ನುವುದು ಆ ಊರಿನ ಮರ್ಯಾದೆ. ಕೊಡುವವರು ಅದು ಕೇಳಿಸದವರಂತೆ ದುಡ್ಡು ಕೈಗೆ ತುರುಕಿ ಹೋಗುವುದು ಅದರ ಇನ್ನರ್ಧ. ಆದರೆ ಅಂದು ದಕ್ಕೆಯಲ್ಲಿ ದೋಣಿಯ ಎಂಜಿನ್ ಗುಡುಗುತ್ತಿತ್ತು. ಬದವಿ ಮೀನಿಗೆ ಹೊರಟೇಬಿಟ್ಟ. ಆಮೇಲೆ ಬಿರುಗಾಳಿ ಬಂತು. ದೋಣಿಯ ರೇಡಿಯೊ ಈಗ ಉತ್ತರಿಸುತ್ತಿಲ್ಲ.

“ನೀವು ಬಾಯಿಮಾತಿಗೆ ಅಂದ್ರಿ,” ಎಂದಳು ನಯೀಮಾ. “ಅವರು ನಿಜ ಅನ್ಕೊಂಡು, ದಕ್ಕೆಯಲ್ಲಿ ದುಡ್ಡು ನನ್ನ ಕೈಲಿಟ್ಟು, ನಿಮ್ಮನ್ನ ಹರಸಿ ಹೋದ್ರು.”

ವಗ್ದಿ ತಲೆ ತಗ್ಗಿಸಿ ಪೆನ್ನು ತೆಗೆದ. “ತಪ್ಪು ನಂದು. ಗುರುವಾರದ ತಾರೀಖಿಗೇ ರಸೀದಿ ಬರೀತೀನಿ. ಯಾರಿಗೂ ಗೊತ್ತಾಗಲ್ಲ.”

“ದೇವರಿಗೂನಾ? ನೀರಿನ ಮೇಲಿರೋರ ಹೆಸರಲ್ಲಿ ನಾನು ಸುಳ್ಳು ಬರೆಸಲ್ಲ. ಇವತ್ತಿಂದೇ ಹಾಕಿ.” ನೋಟುಗಳನ್ನು ಮೇಜಿನ ಮೇಲಿಟ್ಟಳು.

“ಇವತ್ತಿಂದಾದ್ರೆ ಒಂದು ಮಾತು ಕೇಳಲೇಬೇಕು.” ಅವನ ದನಿ ಇಳಿಯಿತು. “ಕಂತು ಕಟ್ಟೋ ಈ ಹೊತ್ತಲ್ಲಿ ಬದವಿಯಣ್ಣ ಬದುಕಿದ್ದಾರೆ, ಆರೋಗ್ಯವಾಗಿದ್ದಾರೆ ಅಂತ ನಿಮಗೆ ಗೊತ್ತಾ? ಹೂಂ ಅನ್ನಿ, ಸಾಕು.”

ಮಕ್ಕಳಿಗೆ ‘ಬರ್ತಾರೆ’ ಎಂದಿದ್ದಳು. ಅತ್ತೆಗೆ ‘ಬಂದೇ ಬರ್ತಾರೆ’ ಎಂದಿದ್ದಳು. ನೆರೆಯವರಿಗಂತೂ ಅವರು ಕೇಳುವ ಮೊದಲೇ ಹೇಳಿಬಿಡುತ್ತಿದ್ದಳು. ಒಳಗೆ ರೇಡಿಯೊದಲ್ಲಿ ಕುರ್‌ಆನ್ ಪಠಣ ಸಾಗಿತ್ತು. ಓದುವವರು ಒಂದು ವಾಕ್ಯ ಮುಗಿಸಿ, ಉಸಿರಿಗಾಗಿ ನಿಂತರು.

“ಗೊತ್ತಿಲ್ಲ,” ಎಂದಳು ನಯೀಮಾ.

ನೋಟುಗಳನ್ನು ಎತ್ತಿಕೊಂಡು ಹೊರಬಂದಳು. ದಕ್ಕೆಯ ಕಟ್ಟೆಯ ಮೇಲೆ, ಅದೇ ದೋಣಿಯಲ್ಲಿ ಹೋದವರ ಹೆಂಡಂದಿರು ಸಮುದ್ರಕ್ಕೆ ಮುಖಮಾಡಿ ಕೂತಿದ್ದರು. ಅವಳ ಮುಖ ನೋಡಿದರು. ಅತ್ತಿತ್ತ ಸರಿದು, ಇನ್ನೊಬ್ಬಳು ಕೂರುವಷ್ಟು ಜಾಗ ಮಾಡಿದರು.