ಹಿಂದಿನ ಬೀದಿಯ ಕೇಸರಿಭಾತ್

ಅಂಬುಜಾಕ್ಷಿಯನ್ನು "ಅಂಬೂ" ಎಂದು ಕರೆಯುತ್ತಿದ್ದವರು ಗಂಡ ಒಬ್ಬರೇ. ಅವಳ ಕೇಸರಿಭಾತ್ ಎಂದರೆ ಪ್ರಾಣ ಬಿಡುತ್ತಿದ್ದ ಅವರಿಗೆ, ಸಕ್ಕರೆ ಕಾಯಿಲೆ ಬಂದ ಮೇಲೆ ಹನ್ನೊಂದು ವರ್ಷದಿಂದ ಹಾಗಲಕಾಯಿ ರಸವೇ ಗತಿ. ಆದರೂ ಈಚೆಗೆ ಶುಗರ್ ಮುನ್ನೂರು ದಾಟಿತ್ತು.

"ಹೀಗೇ ಏರ್ತಿದ್ರೆ ನೆನಪಿಗೂ ಏಟು ಬೀಳುತ್ತಮ್ಮ," ಎಂದರು ಡಾಕ್ಟರು.

ಅವಳಿಗೆ ಹೊಟ್ಟೆ ಉರಿಯಿತು. ಕನ್ನಡಕ ಮರೆಯುತ್ತಾರೆ, ಮಾತ್ರೆ ಮರೆಯುತ್ತಾರೆ. ಸಂಜೆ ವಾಕಿಂಗಿಗೆ ಹೋದರೆ ಹಿಂದಿನ ಬೀದಿಯ ಆ ಟೀಚರ್ ವತ್ಸಲಾಳ ಮನೆ ಮಾತ್ರ ಮರೆಯುವುದಿಲ್ಲ! ತಿರುಗಿ ಬರುವಾಗ ಮೀಸೆಯಲ್ಲಿ ತುಪ್ಪ, ಏಲಕ್ಕಿಯ ಘಮ.

ಅಂದು ಗಂಡನ ಹಿಂದೆಯೇ ಹೋಗಿ ಆ ಮನೆಯ ಬಾಗಿಲು ಬಡಿದಳು. ವತ್ಸಲಾ ಸೌಟು ಹಿಡಿದೇ ಬಂದಳು.

"ನನ್ನ ಗಂಡನಿಗೆ ಸಿಹಿ ತಿನ್ಸೋಕೆ ನೀನ್ಯಾರೇ?"

"ಶುಗರ್ ಇದೆ ಅಂತ ಗೊತ್ತಿರಲಿಲ್ಲ ಅಕ್ಕ. ದಿನಾ ತಾವಾಗೇ ಬಂದು ಕೇಸರಿಭಾತ್ ಮಾಡು ಅಂತಾರೆ. ಇಲ್ಲ ಅನ್ನೋಕೆ ಮನಸ್ಸು ಬರಲ್ಲ."

"ಬರುತ್ತೆ ಹೇಗೆ? ನನ್ನ ಮನೆ ಮುರಿಯೋಕೆ ಕಾಯ್ತಿದ್ದವಳು ನೀನು!"

ಗದ್ದಲ ಕೇಳಿ ಗಂಡ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದರು. ಅಂಬುಜಾಕ್ಷಿಯ ಮುಖವನ್ನೇ ಒಂದು ಗಳಿಗೆ ನೋಡಿ, ವತ್ಸಲಾಳ ಕಡೆ ತಿರುಗಿದರು.

"ಅಂಬೂ, ಈಯಮ್ಮ ಯಾರೇ? ಪಾಪ, ಒಳಗೆ ಕರಿ, ಒಂಚೂರು ಕೇಸರಿಭಾತ್ ಕೊಡು."